ನಿಸ್ತಂತು ಜಾಲಗಳಲ್ಲಿ ಹೊರೆಯ ಹಂಚಿಕೆ

ಒಂದು ಗೋಪುರದ ವ್ಯಾಪ್ತಿಯಲ್ಲಿರುವ ಮೊಬೈಲ್ ಫೋನುಗಳೆಲ್ಲ ಏಕಕಾಲದಲ್ಲಿ ಕೆಲಸಕ್ಕೆ ತೊಡಗಿದರೆ ಗೋಪುರಕ್ಕೆ ಹೊರೆ ಮಿತಿಮೀರುವುದು ಸಹಜ. ಆ ಹೊರೆಯ ಒಂದು ಭಾಗವನ್ನು ವೈಫೈಯಂತಹ ಬೇರೊಂದು ಬಗೆಯ ಜಾಲಕ್ಕೆ ವರ್ಗಾಯಿಸುವ ಕ್ರಮವುಂಟು. ಎಷ್ಟು ವರ್ಗಾಯಿಸಿದರೆ ಎಷ್ಟು ಉಪಶಮನ ದೊರೆಯುವುದೆಂಬುದನ್ನು ಗಣಿತದ ನೆರವಿನಿಂದ ಮೊದಲೇ ಅಂದಾಜು ಮಾಡಬಹುದು.

ಈ ಗಣಿತಕ್ಕೆ ಬುನಾದಿ ಹಾಕಿದವನು ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯಲ್ಲಿದ್ದ ಎ. ಕೆ. ಎರ್ಲಾಂಗ್. 1917ರಲ್ಲಿ ಆತನು ಪ್ರಕಟಿಸಿದ ಸೂತ್ರವು, ಇಂತಿಷ್ಟು ಮಾರ್ಗಗಳಿಗೆ ಇಂತಿಷ್ಟು ಹೊರೆ ಬಂದರೆ ಎಷ್ಟು ಕರೆಗಳು ಮಾರ್ಗ ದೊರೆಯದೆ ಮರಳುವುವೆಂಬುದನ್ನು ತಿಳಿಸುತ್ತದೆ. ಹೊರೆಯನ್ನಳೆಯುವ ಮಾನಕ್ಕೂ ಆತನ ಹೆಸರೇ ಇದೆ. ಒಂದು ಮಾರ್ಗವು ಒಂದು ಗಂಟೆ ಬಿಡುವಿಲ್ಲದೆ ನಡೆದರೆ ಆ ಗಂಟೆಯ ಹೊರೆ ಒಂದು ಎರ್ಲಾಂಗ್.

ಗೋಪುರದಲ್ಲಿ 10 ಮಾರ್ಗಗಳಿದ್ದು 10 ಎರ್ಲಾಂಗ್ ಹೊರೆ ಬಂದಿತೆನ್ನೋಣ. ಲೆಕ್ಕಕ್ಕೆ ಸರಿಹೋಯಿತೆಂದೇ ತೋರುವುದು. ಆದರೆ ಕರೆಗಳು ಸರದಿಯಲ್ಲಿ ನಿಂತು ಬರುವುದಿಲ್ಲವಾದುದರಿಂದ ನೂರಕ್ಕೆ 21 ಕರೆಗಳು ವ್ಯರ್ಥವಾಗುತ್ತವೆ. 3 ಎರ್ಲಾಂಗನ್ನು ವೈಫೈಗೆ ಕಳುಹಿಸಿ 7ನ್ನು ಉಳಿಸಿಕೊಂಡರೆ ನಷ್ಟವು ನೂರಕ್ಕೆ 8ರ ಸಮೀಪಕ್ಕೆ ಇಳಿಯುತ್ತದೆ. ಇಳಿಸಿದ ಹೊರೆ ಸ್ವಲ್ಪ, ದೊರೆತ ಉಪಶಮನ ಬಹಳ. ಹಂಚಿಕೆಯ ಲಾಭವೆಲ್ಲ ಇರುವುದು ಇಲ್ಲಿಯೇ.

ತಿರುಗುಮುರುಗಾದ ಏರ್ಪಾಟಿನಲ್ಲಿ ಎಚ್ಚರ ಬೇಕು. ಕರೆಗಳು ಮೊದಲು ಕಿರುಕೋಶಕ್ಕೆ ಹೋಗಿ, ಅಲ್ಲಿ ಎಡೆಯಿಲ್ಲದವು ಮಾತ್ರ ದೊಡ್ಡ ಗೋಪುರಕ್ಕೆ ಬರುವುವೆಂದಿಟ್ಟುಕೊಳ್ಳೋಣ. ಕೆರೆ ತುಂಬಿದ ಹೊತ್ತಿಗೆ ಮಾತ್ರ ಕೋಡಿ ಹರಿಯುವಂತೆ, ಈ ಕರೆಗಳು ಗುಂಪುಗುಂಪಾಗಿ ಬರುತ್ತವೆ. ಮೇಲಿನ ಅಂಕೆಗಳನ್ನೇ ಕಿರುಕೋಶಕ್ಕೆ ಅನ್ವಯಿಸಿದರೆ, ಹೊರಚೆಲ್ಲುವ ಹೊರೆಯ ಸರಾಸರಿ 2.15 ಎರ್ಲಾಂಗ್, ಅದರ ವಿಚಲನೆಗಳ ವರ್ಗಗಳ ಸರಾಸರಿ 4.36. ಸಾಧಾರಣ ಹೊರೆಯಲ್ಲಿ ಇವೆರಡೂ ಸಮ. ಈ ಭೇದವನ್ನು ಮರೆತು ಎರ್ಲಾಂಗನ ಸೂತ್ರವನ್ನು ನೇರವಾಗಿ ಬಳಸಿದವನು ಗೋಪುರಕ್ಕೆ ಬೇಕಾದುದಕ್ಕಿಂತ ಕಡಿಮೆ ಮಾರ್ಗಗಳನ್ನು ಕೊಟ್ಟಾನು. ಅಮೆರಿಕದ ವಿಲ್ಕಿನ್ಸನ್ 1956ರಲ್ಲಿ ತಂತಿ ದೂರವಾಣಿಗಾಗಿ ಸೂಚಿಸಿದ ಪರಿಹಾರವು ಇಲ್ಲಿಯೂ ಒದಗಿ ಬರುತ್ತದೆ: ಅಷ್ಟೇ ಸರಾಸರಿ, ಅಷ್ಟೇ ಏರಿಳಿತವನ್ನು ಹೊರಚೆಲ್ಲುವ ಕಲ್ಪಿತ ಮಾರ್ಗಸಮೂಹವೊಂದನ್ನು ಊಹಿಸಿ, ಅದನ್ನು ನಿಜವಾದ ಮಾರ್ಗಗಳೊಡನೆ ಕೂಡಿಸಿ ಎಣಿಸುವುದು.

ವೈಫೈಯ ಸ್ವಭಾವವೇ ಬೇರೆ. ಅಲ್ಲಿ ಎಣಿಸಿಟ್ಟ ಮಾರ್ಗಗಳಿಲ್ಲ. ಪ್ರತಿಯೊಂದು ಉಪಕರಣವೂ ಆಲಿಸಿ, ಯಾದೃಚ್ಛಿಕವಾಗಿ ಕೆಲಕಾಲ ಕಾದು, ಬಳಿಕ ಕಳುಹಿಸುತ್ತದೆ. ಎರಡು ಒಮ್ಮೆಗೇ ಕಳುಹಿಸಿದರೆ ಎರಡೂ ಕೆಡುತ್ತವೆ. ಬಳಕೆದಾರರು ಹೆಚ್ಚಿದಂತೆ ಈ ಘರ್ಷಣೆಯೂ ಹೆಚ್ಚುವುದನ್ನು 2000ದಲ್ಲಿ ಇಟಲಿಯ ಬಿಯಾಂಕಿ ಗಣಿತದಿಂದ ನಿರೂಪಿಸಿದನು. ಆದುದರಿಂದ ವೈಫೈ ಕಂಡೊಡನೆ ಅದಕ್ಕೆ ಅಂಟಿಕೊಳ್ಳುವ ಫೋನು, ಬಿಡುವಾಗಿರುವ ಗೋಪುರದ ಪಕ್ಕದಲ್ಲಿಯೇ ಕಾಯುತ್ತ ಕೂರುವುದುಂಟು.