ಶಾಪದ ಕತ್ತಿಯ ಬಾಡಿಗೆ ಎಷ್ಟು?

ಪ್ರಶ್ನೆ: ‘ಡೋಂಟ್ ಸ್ಟಾರ್ವ್’ ಆಟದಲ್ಲಿ ಬಹಳ ಕಷ್ಟಪಟ್ಟು ಡಾರ್ಕ್ ಸೋರ್ಡ್ ಮಾಡಿಕೊಂಡೆ. ಒಂದೇ ದಿನದಲ್ಲಿ ನನ್ನ ವಿಲ್ಸನ್‌ಗೆ ಹುಚ್ಚು ಹಿಡಿಯಿತು. ನೆರಳಿನ ಭೂತಗಳು ಬಂದು ಅವನನ್ನು ಮುಗಿಸಿಬಿಟ್ಟವು. ಹಿಡಿದವನ ತಲೆಯನ್ನೇ ಕೆಡಿಸುವ ಕತ್ತಿಯನ್ನು ಆಟದಲ್ಲಿ ಯಾಕೆ ಇಟ್ಟಿದ್ದಾರೆ? ಅದನ್ನು ಬಳಸುವ ಸರಿಯಾದ ಕ್ರಮ ಅಂತ ಏನಾದರೂ ಇದೆಯೇ?

ಉತ್ತರ: ಇದೆ. ಆದರೆ ಆಟ ಅದನ್ನು ಹೇಳಿಕೊಡುವುದಿಲ್ಲ. ಕೆನಡಾದ ವ್ಯಾಂಕೂವರಿನ ಕ್ಲೇ ಎಂಟರ್‌ಟೈನ್‌ಮೆಂಟ್ 2013ರ ಏಪ್ರಿಲ್‌ನಲ್ಲಿ ಹೊರತಂದ ಈ ಆಟ ಯಾವುದನ್ನೂ ಹೇಳಿಕೊಡುವುದಿಲ್ಲ. ಕಾಡಿನ ನಡುವೆ ಎಬ್ಬಿಸಿ ಕೂರಿಸುತ್ತದೆ, ಕತ್ತಲಾಗುವುದರೊಳಗೆ ಏನಾದರೂ ತಿನ್ನಲು ನೋಡಿಕೋ ಎನ್ನುತ್ತದೆ, ಅಷ್ಟೇ. ಉಳಿದದ್ದನ್ನು ಸತ್ತು ಸತ್ತು ಕಲಿಯಬೇಕು. ನಿಮ್ಮ ವಿಲ್ಸನ್ ಸತ್ತದ್ದೂ ಆ ಪಾಠದ ಭಾಗವೇ. ಸತ್ತ ಹೊತ್ತು ನೋಡಿದರೆ ನೀವು ಮಾಡಿದ್ದೇನು ಎಂಬುದೂ ಗೊತ್ತಾಗುತ್ತದೆ: ಕತ್ತಿಯನ್ನು ಇಡೀ ದಿನ ಕೈಯಲ್ಲೇ ಹಿಡಿದುಕೊಂಡು ಓಡಾಡಿದ್ದೀರಿ.

ಲೆಕ್ಕ ಹೀಗಿದೆ. ವಿಲ್ಸನ್‌ನ ಸ್ಯಾನಿಟಿ, ಅಂದರೆ ಬುದ್ಧಿಯ ಸ್ಥಿಮಿತ, ತುಂಬಿದ್ದಾಗ 200. ಡಾರ್ಕ್ ಸೋರ್ಡ್ ಕೈಯಲ್ಲಿರುವಷ್ಟು ಹೊತ್ತು ನಿಮಿಷಕ್ಕೆ 20ರಂತೆ ಇಳಿಯುತ್ತದೆ. ಸುಮಾರು ಶೇಕಡ 15ಕ್ಕೆ, ಅಂದರೆ 30ಕ್ಕೆ ಬಂದಾಗ ನೆರಳುಗಳು ಮೈಮೇಲೆ ಬರುತ್ತವೆ. 170ನ್ನು ಇಪ್ಪತ್ತರಿಂದ ಭಾಗಿಸಿ, ಎಂಟೂವರೆ ನಿಮಿಷ. ಆಟದ ಒಂದು ದಿನವೆಂದರೆ ಎಂಟು ನಿಮಿಷ. ಸಂಜೆ, ರಾತ್ರಿಗಳು ತಾವೇ ಒಂದಿಷ್ಟು ಸ್ಯಾನಿಟಿಯನ್ನು ಕೀಳುತ್ತವಾದ್ದರಿಂದ ನಿಮಗೆ ಆ ಎಂಟೂವರೆಯೂ ಪೂರ್ತಿ ಸಿಕ್ಕಿರಲಾರದು.

ಇಲ್ಲಿ ಗಮನಿಸಬೇಕಾದ್ದು ಒಂದೇ. ಈ ಕತ್ತಿಯ ಶಾಪಕ್ಕೆ ನೀವು ಕೊಡುವ ಏಟಿನ ಲೆಕ್ಕ ಬೇಕಿಲ್ಲ, ಹಿಡಿದ ಹೊತ್ತಿನ ಲೆಕ್ಕ ಸಾಕು. ಸಿಗ್ನಲ್‌ನಲ್ಲಿ ನಿಂತ ಆಟೋದ ಮೀಟರಿನಂತೆ, ನೀವು ಹಣ್ಣು ಕೀಳುತ್ತಿರಲಿ, ಬೆಂಕಿ ಕಾಯಿಸುತ್ತಿರಲಿ, ಅದು ಓಡುತ್ತಲೇ ಇರುತ್ತದೆ. ಚೀಲಕ್ಕೆ ಹಾಕಿದ ತಕ್ಷಣ ನಿಲ್ಲುತ್ತದೆ. ಶತ್ರು ಹತ್ತಿರ ಬಂದಾಗ ಕತ್ತಿ ತೆಗೆಯಬೇಕು, ಬಿದ್ದ ಮರುಗಳಿಗೆ ಒಳಗಿಡಬೇಕು. ಒಂದು ನಿಮಿಷದ ಕಾಳಗಕ್ಕೆ 20 ಹೋಯಿತು ಅಂದುಕೊಳ್ಳಿ, ನಾಲ್ಕು ಹೂವು ಕಿತ್ತರೆ ಅದು ವಾಪಸ್. ಒಂದು ಹೂವಿಗೆ 5.

ಶಾಪದ ಆಯುಧಗಳ ಹಳೆಯ ಜಾಡು ಬೇರೆ. ನಾರ್ಸ್ ಕಥೆಗಳಲ್ಲಿ ಟೈರ್ಫಿಂಗ್ ಎಂಬ ಕತ್ತಿ ಬರುತ್ತದೆ. ಕುಬ್ಜರು ಬಲವಂತಕ್ಕೆ ಸಿಕ್ಕಿ ಮಾಡಿಕೊಟ್ಟದ್ದು, ಒರೆಯಿಂದ ಹೊರಬಂದರೆ ಒಂದು ಜೀವ ತೆಗೆಯದೆ ಒಳಗೆ ಹೋಗದು. 1987ರ ‘ನೆಟ್‌ಹ್ಯಾಕ್’ ಆಟದಲ್ಲಿ ಶಾಪಗ್ರಸ್ತ ಕತ್ತಿಯನ್ನು ಹಿಡಿದರೆ ಅದು ಕೈಗೆ ಬೆಸೆದುಕೊಂಡುಬಿಡುತ್ತದೆ, ಶಾಪ ಕಳೆಯುವವರೆಗೆ ಬಿಡಿಸಲಾಗದು. ನಮಗೆ ಪರಿಚಿತವಾದ ಕರ್ಣನ ಶಕ್ತ್ಯಾಯುಧದ್ದು ಇನ್ನೊಂದು ಬಗೆ: ಒಂದೇ ಪ್ರಯೋಗ, ಅದೂ ಅರ್ಜುನನಿಗೆಂದು ಕಾದಿಟ್ಟದ್ದು ಘಟೋತ್ಕಚನ ಮೇಲೆ ಖರ್ಚಾಯಿತು. ಇವೆಲ್ಲದರಲ್ಲೂ ಹಿಡಿದವನ ಕೈ ಕಟ್ಟಿದೆ. ಕ್ಲೇಯವರು ಕೈ ಕಟ್ಟಲಿಲ್ಲ. ಯಾವಾಗ ಬೇಕಾದರೂ ಕೆಳಗಿಡಬಹುದಾದ ಕತ್ತಿಯನ್ನು ಕೊಟ್ಟು, ಇವನು ಇಡುತ್ತಾನೋ ನೋಡೋಣ ಎಂದು ಸುಮ್ಮನೆ ಕೂತರು. ನನ್ನ ಮಟ್ಟಿಗೆ ಇದು ಬೆಸೆದುಕೊಳ್ಳುವ ಕತ್ತಿಗಿಂತ ಕುಹಕದ್ದು. ಯಾಕೆಂದರೆ ನಾವು ಇಡುವುದಿಲ್ಲ. ದೊಡ್ಡ ಆಯುಧ ಕೈಯಲ್ಲಿದ್ದರೆ ಧೈರ್ಯ ಅನ್ನಿಸುತ್ತದಲ್ಲ!

ಅಷ್ಟಾಗಿ ಅದು ಎಷ್ಟು ದೊಡ್ಡದು? ಒಂದು ಏಟಿಗೆ 68. ಸಾಮಾನ್ಯ ಈಟಿಯದ್ದು 34, ಸರಿಯಾಗಿ ಅರ್ಧ. ಜೇಡಕ್ಕೆ ಜೀವ 100. ಈಟಿಯಾದರೆ ಮೂರು ಏಟು, ಈ ಕತ್ತಿಗೆ ಎರಡು. ಇಷ್ಟಕ್ಕಾಗಿ ಇಷ್ಟೆಲ್ಲ ರಗಳೆ ಯಾಕೆ ಎನ್ನಬಹುದು. ಜೇಡಕ್ಕಾದರೆ ಖಂಡಿತ ಬೇಡ. ಚಳಿಗಾಲದಲ್ಲಿ ಬರುವ ಡಿಯರ್‌ಕ್ಲಾಪ್ಸ್‌ನ ವಿಷಯಕ್ಕೆ ಬನ್ನಿ. ಒಂಟಿ ಆಟದ ಮೂಲ ಆವೃತ್ತಿಯಲ್ಲಿ ಅದರ ಜೀವ 2000. ಈಟಿಯಿಂದ 59 ಏಟು, ಡಾರ್ಕ್ ಸೋರ್ಡ್‌ನಿಂದ 30. ಆ ಒಕ್ಕಣ್ಣ ದೈತ್ಯನ ಹತ್ತಿರ ನಿಂತರೇ ಸ್ಯಾನಿಟಿ ಭರಭರನೆ ಇಳಿಯುತ್ತದೆ, ಅದರ ಮುಂದೆ ಕತ್ತಿಯ ಇಪ್ಪತ್ತು ಏನೇನೂ ಅಲ್ಲ. ಕಾಳಗ ಅರ್ಧ ಹೊತ್ತಿನಲ್ಲಿ ಮುಗಿಯುವುದರಿಂದ ತಲೆ ಕೆಡಿಸುವ ಕತ್ತಿಯೇ ಅಲ್ಲಿ ತಲೆ ಉಳಿಸುತ್ತದೆ. ಆಟದಲ್ಲಿ ನನಗೆ ತುಂಬ ಇಷ್ಟವಾದ ಲೆಕ್ಕಗಳಲ್ಲಿ ಇದೊಂದು.

ಇನ್ನು ತಯಾರಿ. ಕತ್ತಿಗೆ ಬೇಕಾದ್ದು ನೈಟ್‌ಮೇರ್ ಫ್ಯುಯೆಲ್ ಐದು, ಲಿವಿಂಗ್ ಲಾಗ್ ಒಂದು. ಕೇಳಲು ಸುಲಭ. ಆದರೆ ಮೊದಲ ಸಲ ಮಾಡುವಾಗ ಶ್ಯಾಡೋ ಮ್ಯಾನಿಪ್ಯುಲೇಟರ್ ಪಕ್ಕದಲ್ಲಿರಬೇಕು. ಅದಕ್ಕೆ ಬೇರೆ ಮೂರು ಲಿವಿಂಗ್ ಲಾಗ್, ಏಳು ಫ್ಯುಯೆಲ್, ಒಂದು ನೇರಳೆ ರತ್ನ. ಆ ರತ್ನಕ್ಕೆ ಒಂದು ಕೆಂಪು, ಒಂದು ನೀಲಿ ರತ್ನ ಬೆರೆಸಬೇಕು. ಅದಕ್ಕೂ ಮುಂಚೆ ಪ್ರೆಸ್ಟಿಹ್ಯಾಟಿಟೇಟರ್ ಕಟ್ಟಿರಬೇಕು: ನಾಲ್ಕು ಹಲಗೆ, ಒಂದು ಟಾಪ್ ಹ್ಯಾಟ್, ಜೀವಂತ ಮೊಲ ನಾಲ್ಕು. ಜಾದೂಗಾರನ ಟೋಪಿಯಿಂದ ಮೊಲ ಹೊರಬರುವುದನ್ನು ನೋಡಿದ್ದೇವೆ. ಇಲ್ಲಿ ಮೊಲ ಒಳಗೆ ಹೋಗುತ್ತದೆ.

ಫ್ಯುಯೆಲ್ ಸಿಗುವ ದಾರಿ ಹಲವು. ವಿಲ್ಸನ್‌ನನ್ನು ಈ ಕಾಡಿಗೆ ಎಳೆದು ತಂದ ಮ್ಯಾಕ್ಸ್‌ವೆಲ್‌ನ ಪ್ರತಿಮೆಗಳ ಸುತ್ತ ಕಪ್ಪು ಹೂವು ಬೆಳೆದಿರುತ್ತವೆ. ಒಂದನ್ನು ಕಿತ್ತರೆ ಸ್ಯಾನಿಟಿಯಿಂದ 5 ಹೋಗುತ್ತದೆ, ನಾಲ್ಕು ದಳ ಸೇರಿದರೆ ಒಂದು ಫ್ಯುಯೆಲ್. ಅಂದರೆ ಒಂದು ಕತ್ತಿಯ ಐದು ಫ್ಯುಯೆಲ್‌ಗೆ ಇಪ್ಪತ್ತು ಹೂವು, ಸ್ಯಾನಿಟಿ 100. ಕತ್ತಿ ಹುಟ್ಟುವ ಮೊದಲೇ ವಿಲ್ಸನ್‌ನ ಅರ್ಧ ಬುದ್ಧಿ ಖಾಲಿ! ಗೋರಿ ಅಗೆದರೂ ಆಗೊಮ್ಮೆ ಈಗೊಮ್ಮೆ ಫ್ಯುಯೆಲ್ ಸಿಗುತ್ತದೆ, ಒಂದೊಂದು ಅಗೆತಕ್ಕೂ ಸ್ಯಾನಿಟಿ ಹೋಗುತ್ತದೆ, ಕೆಲವೊಮ್ಮೆ ಪ್ರೇತವೂ ಏಳುತ್ತದೆ.

ನುರಿತವರು ಇವೆರಡನ್ನೂ ಬಿಟ್ಟು ನಿಮ್ಮ ವಿಲ್ಸನ್‌ನನ್ನು ಕೊಂದ ನೆರಳುಗಳ ಬಳಿಗೇ ಹೋಗುತ್ತಾರೆ. ಕ್ರಾಲಿಂಗ್ ಹಾರರ್‌ಗೆ ಜೀವ 300, ಟೆರರ್‌ಬೀಕ್‌ಗೆ 400. ಡಾರ್ಕ್ ಸೋರ್ಡ್‌ಗೆ ಐದು ಏಟು, ಆರು ಏಟು. ಸತ್ತ ನೆರಳು ಒಂದು ಫ್ಯುಯೆಲ್ ಬೀಳಿಸುತ್ತದೆ, ಅರ್ಧದಷ್ಟು ಸಲ ಇನ್ನೊಂದನ್ನೂ. ಮೇಲಾಗಿ ಕೊಂದವನಿಗೆ ಸ್ಯಾನಿಟಿ ವಾಪಸ್ ಬರುತ್ತದೆ, ಹಾರರ್‌ಗೆ 15, ಟೆರರ್‌ಬೀಕ್‌ಗೆ 33. ಶಾಪ ನೆರಳನ್ನು ಕರೆಯುತ್ತದೆ, ಕತ್ತಿ ಅದನ್ನು ಕೊಲ್ಲುತ್ತದೆ, ಮುಂದಿನ ಕತ್ತಿಗೆ ಸಾಮಾನು ಅಲ್ಲೇ ಬೀಳುತ್ತದೆ. ಕತ್ತಿಯ ಆಯುಸ್ಸು ನೂರು ಏಟು. ಅಷ್ಟನ್ನೂ ನೆರಳುಗಳ ಮೇಲೆಯೇ ಬಳಸಿದರೆ ಹತ್ತಿರ ಹತ್ತಿರ ಐದು ಹೊಸ ಕತ್ತಿಗಳಿಗಾಗುವಷ್ಟು ಫ್ಯುಯೆಲ್ ಸೇರುತ್ತದೆ. ಒಂದು ಎಚ್ಚರ: ಟೆರರ್‌ಬೀಕ್‌ನ ಒಂದು ಏಟಿಗೆ 50, ವಿಲ್ಸನ್‌ಗಿರುವ ಜೀವವೇ 150. ರಕ್ಷಾಕವಚ ಇಲ್ಲದೆ ಹೋಗಬೇಡಿ. ಕವಚವೂ ಕಪ್ಪುವಿದ್ಯೆಯದ್ದೇ ಇರಲಿ ಎಂದು ನೈಟ್ ಆರ್ಮರ್ ತೊಟ್ಟರೆ ಏಟಿನ ಶೇಕಡ 95 ತಡೆಯುತ್ತದೆ ನಿಜ, ಆದರೆ ಅದಕ್ಕೆ ನಿಮಿಷಕ್ಕೆ ಇನ್ನೂ 10, ಏಟು ಬಿದ್ದಾಗಲೆಲ್ಲ ಇನ್ನಷ್ಟು. ಮರದ ದಿಮ್ಮಿಯ ಕವಚ ಸಾಕು.

ಹಾಗಾದರೆ ಕಷ್ಟ ಎಲ್ಲಿದೆ? ಮರದಲ್ಲಿ. ಲಿವಿಂಗ್ ಲಾಗ್ ಮುಖ್ಯವಾಗಿ ಟ್ರೀಗಾರ್ಡ್‌ನಿಂದ ಸಿಗುತ್ತದೆ. ಆಟ ಶುರುವಾಗಿ ಕೆಲವು ದಿನ ಕಳೆದ ಮೇಲೆ ಮರ ಕಡಿಯುತ್ತಿದ್ದರೆ ಯಾವುದೋ ಒಂದು ಮರ ಎದ್ದು ನಡೆದು ಬರುತ್ತದೆ. ಅದೇ ಇದು. ಪೈನ್ ಕೋನ್ ನೆಟ್ಟು ಸಮಾಧಾನ ಮಾಡುವ ಉಪಾಯವಿದೆ, ಆದರೆ ನಿಮಗೆ ಬೇಕಿರುವುದು ಸಮಾಧಾನವಲ್ಲ. ಅದರ ಜೀವವೂ 2000. ಕೊಂದರೆ ಆರು ಲಾಗ್: ಮೂರು ಮ್ಯಾನಿಪ್ಯುಲೇಟರ್‌ಗೆ ಹೋದರೆ ಮೂರು ಕತ್ತಿಗೆ ಉಳಿಯಿತು. ನೆರಳುಗಳು ನೀವು ಕರೆದಾಗ ಬರುತ್ತವೆ, ಎದ್ದು ನಡೆಯುವ ಮರ ತನಗೆ ಬೇಕಾದಾಗ ಮಾತ್ರ.

ಈ ಶಾಪ ಎಲ್ಲರಿಗೂ ಒಂದೇ ಸಮ ತಟ್ಟುವುದಿಲ್ಲ ಎಂಬುದನ್ನೂ ಸೇರಿಸಬೇಕು. ಆ ಮ್ಯಾಕ್ಸ್‌ವೆಲ್‌ನನ್ನು ಅಡ್ವೆಂಚರ್ ಮೋಡ್ ಗೆದ್ದರೆ ನೀವೇ ಆಡಿಸಬಹುದು. ಮೂಲ ಆವೃತ್ತಿಯಲ್ಲಿ ಅವನು ಬರುವಾಗಲೇ ಡಾರ್ಕ್ ಸೋರ್ಡ್ ಹಿಡಿದು ಬರುತ್ತಾನೆ. ಅವನ ಸ್ಯಾನಿಟಿ ತಾನಾಗಿಯೇ ನಿಮಿಷಕ್ಕೆ 20ರಂತೆ ಏರುತ್ತದೆ, ಕತ್ತಿ ಇಳಿಸುವುದೂ ಇಪ್ಪತ್ತೇ. ಆದರೆ ಅವನ ಜೀವ ಬರೀ 75. ಟೆರರ್‌ಬೀಕ್‌ನ ಎರಡು ಏಟಿಗೆ ಕಥೆ ಮುಗಿಯಿತು.

ದಿನನಿತ್ಯದ ಬಳಕೆಗೆ ನನ್ನ ಶಿಫಾರಸು ಹ್ಯಾಮ್ ಬ್ಯಾಟ್: ಹಂದಿ ಚರ್ಮ ಒಂದು, ಕಡ್ಡಿ ಎರಡು, ಮಾಂಸ ಎರಡು. ಹೊಸದಿದ್ದಾಗ ಏಟಿಗೆ 59.5, ಶಾಪವಿಲ್ಲ, ಸವೆತವಿಲ್ಲ. ಮಾಂಸವಾದ್ದರಿಂದ ಕೊಳೆಯುತ್ತದೆ, ಕೊಳೆತಂತೆ ಏಟು ಅರ್ಧದವರೆಗೆ ಇಳಿಯುತ್ತದೆ. ಹತ್ತು ದಿನಕ್ಕೊಮ್ಮೆ ಹೊಸದು ಮಾಡಿಕೊಂಡರೆ ಜೇಡ, ನಾಯಿಗಳಿಗೆ ಧಾರಾಳ ಸಾಕು.

ಡಾರ್ಕ್ ಸೋರ್ಡನ್ನು ಡಿಯರ್‌ಕ್ಲಾಪ್ಸ್‌ಗೂ ಫ್ಯುಯೆಲ್ ಬೇಟೆಗೂ ಮೀಸಲಿಡಿ. ಲಿವಿಂಗ್ ಲಾಗ್ ಕೊಳೆಯುವುದಿಲ್ಲ, ಫ್ಯುಯೆಲ್ ಕೂಡ ಅಷ್ಟೇ. ಈಗಲೇ ಕತ್ತಿ ಮಾಡಿಟ್ಟುಕೊಳ್ಳುವ ಅವಸರ ಬೇಡ, ಸಾಮಾನನ್ನು ಪೆಟ್ಟಿಗೆಯಲ್ಲಿಟ್ಟು ಚಳಿಗಾಲದವರೆಗೆ ಕಾಯಿರಿ.