ಮೊದಲು ಕದನ ಆರಿಸಿ, ಆಮೇಲೆ ಹಡಗು

ಪ್ರಶ್ನೆ: 19ನೇ ಶತಮಾನದ ಕೊನೆಯ ನೌಕಾಯುದ್ಧಗಳನ್ನು ಮೇಜಿನ ಮೇಲೆ ಆಡುವ ಆಸೆ. ಪುಟ್ಟ ಹಡಗುಗಳನ್ನು ಕೂಡಿಡಲು ಎಲ್ಲಿಂದ ಶುರುಮಾಡಲಿ?

ಉತ್ತರ: ಚೆಂದ ಕಂಡದ್ದನ್ನೆಲ್ಲ ಕೊಳ್ಳಬೇಡಿ, ಕಪಾಟು ತುಂಬುತ್ತದೆ, ಆಟ ಕೂಡುವುದಿಲ್ಲ. ಒಂದು ಕದನ ಹಿಡಿಯಿರಿ. 1894ರ ಸೆಪ್ಟೆಂಬರ್ 17ರ ಯಾಲು ಕದನಕ್ಕೆ ನನ್ನ ಮತ. ಆರಂಭದಲ್ಲಿ ಚೀನಾದ ಸಾಲಿನಲ್ಲಿದ್ದದ್ದು ಹತ್ತು ಹಡಗು, ಜಪಾನಿನ ಕಡೆ ಹನ್ನೆರಡು. ಕೈಗೆಟುಕುವ ಲೆಕ್ಕ.

ಇಲ್ಲಿ ಎರಡು ಬಗೆಯ ನೌಕಾಪಡೆಗಳು ಮುಖಾಮುಖಿಯಾದವು. ಚೀನಾದ ಡಿಂಗ್‌ಯುವಾನ್, ಝೆನ್‌ಯುವಾನ್‌ಗಳು ಜರ್ಮನಿಯಲ್ಲಿ ಕಟ್ಟಿದ ದಪ್ಪ ಕವಚದ ಹಡಗುಗಳು. ತಲಾ ನಾಲ್ಕು 305 ಮಿ.ಮೀ. ಫಿರಂಗಿ. ಜಪಾನಿನ ಯೊಶಿನೊಗೆ ಅಂಥ ಕವಚವಿಲ್ಲ. ಆದರೆ 23 ನಾಟ್ ವೇಗ, ಬೇಗಬೇಗ ಗುಂಡು ಹಾರಿಸುವ ಫಿರಂಗಿಗಳು. ಚೀನೀಯರು ಐದು ಹಡಗು ಕಳೆದುಕೊಂಡರೂ ಆ ಎರಡು ದೈತ್ಯ ಹಡಗುಗಳು ಮುಳುಗಲಿಲ್ಲ. ನೀವು ಆರಿಸುವ ಆಟದ ನಿಯಮಗಳಲ್ಲಿ ಈ ಎರಡೂ ಸಾಧ್ಯವಾಗಬೇಕು. ಇಲ್ಲದಿದ್ದರೆ ಆ ನಿಯಮಪುಸ್ತಕ ಬೇಡ.

ಅಳತೆ 1:2400 ಸಾಕು. ಡಿಂಗ್‌ಯುವಾನ್ ಆಗ ನಾಲ್ಕು ಸೆಂಟಿಮೀಟರ್‌ನಷ್ಟಾಗುತ್ತದೆ. ಕೊಳ್ಳುವ ಮುನ್ನ ಅದರ ನಡುಭಾಗ ನೋಡಿ: ಎರಡು ಫಿರಂಗಿ ಗೋಪುರಗಳು ಅಕ್ಕಪಕ್ಕ ನೇರವಾಗಿರದೆ ಓರೆಯಾಗಿ, ಒಂದು ತುಸು ಮುಂದೆ ಒಂದು ತುಸು ಹಿಂದೆ ಇರಬೇಕು. ಜಪಾನಿನ ಮತ್ಸುಶಿಮಾ ಹಡಗಿನ ದೊಡ್ಡ ಫಿರಂಗಿ ಹಿಂಭಾಗದಲ್ಲಿರಬೇಕು. ಇವೆರಡು ಸರಿಯಿದ್ದರೆ ಮಾಡಿದವನಿಗೆ ಕೆಲಸ ಗೊತ್ತು ಎಂದರ್ಥ. ಕೂವೆಕಂಬಗಳು ಬಾಗಿದ್ದರೆ ಕಿತ್ತು ಸಣ್ಣ ಹಿತ್ತಾಳೆ ತಂತಿ ಕೂರಿಸಿ.

ಸದ್ಯಕ್ಕೆ ಡಿಂಗ್‌ಯುವಾನ್, ಯೊಶಿನೊ ಎರಡನ್ನೇ ತರಿಸಿ ಆಡಿ ನೋಡಿ. ಉಳಿದವಕ್ಕೆ ದುಡ್ಡು ಆಮೇಲೆ ಹಾಕಿ.