ಕಳೆನಾಶಕವೂ ಮಣ್ಣಿನ ಗುಣವೂ

ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿ ಇವು ಕಲಬುರಗಿ ಜಿಲ್ಲೆಯಲ್ಲಿ ತೊಗರಿ ಬೆಳೆಯುವ ತಾಲ್ಲೂಕುಗಳು. ಈ ಜಿಲ್ಲೆಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ತೊಗರಿಯ ಸಸಿ ಮೊದಮೊದಲು ಬಹಳ ನಿಧಾನವಾಗಿ ಬೆಳೆಯುತ್ತದೆ. ಕಳೆಯಾದರೋ ಬೇಗನೆ ಹಬ್ಬಿ, ಅದರ ಅನ್ನ ನೀರುಗಳನ್ನು ಕಸಿದುಕೊಳ್ಳುತ್ತದೆ. ಎಡೆಕುಂಟೆ ಹೊಡೆದು, ಕೈಯಿಂದ ಕಳೆ ಕೀಳುವುದು ಹಿಂದಿನಿಂದ ಬಂದ ಪದ್ಧತಿ. ಈಗ ಆಳುಗಳು ಸಿಕ್ಕದೆ ಅನೇಕ ರೈತರು ಕಳೆನಾಶಕಗಳನ್ನು ಸಿಂಪಡಿಸುತ್ತಾರೆ. ಸಿಂಪಡಿಸಿದ ಆ ಮದ್ದು ಆಮೇಲೆ ಎಲ್ಲಿಗೆ ಹೋಗುತ್ತದೆ?

ಭೂಮಿಗೆ ಬಿದ್ದ ಮದ್ದಿಗೆ ಮುಖ್ಯವಾಗಿ ಮೂರು ದಾರಿಗಳುಂಟು. ಒಂದು ಭಾಗ ಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತದೆ. ಇನ್ನೊಂದು ಭಾಗವನ್ನು ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಒಡೆದು ನಿರ್ಮೂಲ ಮಾಡುತ್ತವೆ. ಉಳಿದುದು ನೀರಿನೊಡನೆ ಹರಿದುಹೋಗುತ್ತದೆ. ಯಾವ ಭಾಗ ಎಷ್ಟು ಎಂಬುದು ಮದ್ದಿನ ಗುಣವನ್ನೂ ಮಣ್ಣಿನ ಗುಣವನ್ನೂ ಅವಲಂಬಿಸಿದೆ. ತೊಗರಿಗೆ ಬಳಸುವ ಪೆಂಡಿಮಿಥಾಲಿನ್ ಒಂದು ಲೀಟರ್ ನೀರಿನಲ್ಲಿ ಅರ್ಧ ಮಿಲಿಗ್ರಾಂನಷ್ಟೂ ಕರಗದು. ಅದು ಮೇಲ್ಮಣ್ಣಿನಲ್ಲಿಯೇ ನಿಲ್ಲುತ್ತದೆ. ಜೋಳಕ್ಕೆ ಬಳಸುವ ಅಟ್ರಾಜಿನ್ ಸುಮಾರು 33 ಮಿಲಿಗ್ರಾಂನಷ್ಟು ಕರಗುವುದರಿಂದ ಹೆಚ್ಚು ದೂರ ಚಲಿಸಬಲ್ಲದು.

ಎರೆಮಣ್ಣಿನಲ್ಲಿ ಜೇಡಿಯ ಅಂಶ ಅಧಿಕ. ಜೇಡಿಯ ಕಣ 0.002 ಮಿಲಿಮೀಟರ್‌ಗಿಂತಲೂ ಚಿಕ್ಕದು. ಎರೆಯಲ್ಲಿ ಹೇರಳವಾಗಿರುವ ಜೇಡಿಯ ಪದರುಗಳನ್ನೆಲ್ಲ ಬಿಡಿಸಿ ಹರಡಿದರೆ, ಒಂದು ಗ್ರಾಂ ಜೇಡಿಯ ಮೈ 700 ಚದರ ಮೀಟರ್‌ಗೂ ಹೆಚ್ಚಾದೀತು! ಇಷ್ಟು ವಿಶಾಲವಾದ ಮೈಗೆ ಮದ್ದು ಅಂಟಿಕೊಳ್ಳುವುದು ಸಹಜ. ಆದರೆ ಇದನ್ನೇ ನಂಬಿ ಮೈಮರೆಯಬಾರದು. ಬೇಸಗೆಯಲ್ಲಿ ಎರೆಭೂಮಿ ಕೈ ತೂರುವಷ್ಟು ಅಗಲಕ್ಕೆ ಬಿರಿಯುವುದುಂಟು. ಬಿರುಕು ಮುಚ್ಚುವ ಮೊದಲೇ ಬಿರುಸಿನ ಮಳೆ ಬಂದರೆ, ನೀರು ಕಣಗಳ ನಡುವೆ ಸೋಸದೆ ನೇರವಾಗಿ ಆಳಕ್ಕೆ ಇಳಿದು, ಮದ್ದನ್ನೂ ಒಯ್ಯುತ್ತದೆ. ಬಿರುಕು ಮುಚ್ಚಿದ ಮೇಲೆ ನೀರು ಇಂಗುವುದು ನಿಧಾನ. ಆಗ ಮೇಲ್ಮಣ್ಣು ಕೊಚ್ಚಿಹೋಗಿ, ಅದಕ್ಕೆ ಅಂಟಿದ ಮದ್ದು ಹಳ್ಳವನ್ನೂ ಕಾಗಿಣಾ ನದಿಯನ್ನೂ ಸೇರುತ್ತದೆ.

ಚಿಂಚೋಳಿಯ ಗುಡ್ಡಗಳ ಜಂಬಿಟ್ಟಿಗೆ ಮಣ್ಣಿನ ಸ್ವಭಾವವೇ ಬೇರೆ. ಅದರಲ್ಲಿರುವ ಕಬ್ಬಿಣದ ಆಕ್ಸೈಡುಗಳು ಗ್ಲೈಫೋಸೇಟ್‌ನಂಥ ಮದ್ದನ್ನು ಬಿಗಿಯಾಗಿ ಹಿಡಿಯುತ್ತವೆ. ಅಟ್ರಾಜಿನ್‌ನಂಥ ಮದ್ದನ್ನು ಹಿಡಿಯಲು ಸಾವಯವ ಅಂಶ ಬೇಕು. ಗೊಬ್ಬರ ಕಾಣದ ಗರಸು ಭೂಮಿಯಲ್ಲಿ ಅದು ನೀರಿನೊಡನೆ ಬೇಗನೆ ಕೆಳಗಿಳಿಯುತ್ತದೆ.

ಶಹಾಬಾದ, ವಾಡಿ, ಸೇಡಂಗಳ ಸುತ್ತ ಮಣ್ಣಿನ ಕೆಳಗೆ ಸುಣ್ಣಕಲ್ಲಿನ ಹಾಸು ಇದೆ. ಸಿಮೆಂಟ್ ಕಾರ್ಖಾನೆಗಳಿಗೂ ಮನೆಯ ನೆಲಹಾಸಿಗೂ ಒದಗುವ ಕಲ್ಲು ಇದೇ. ಈ ಕಲ್ಲಿನ ಸಂದುಗಳಲ್ಲಿ ನೀರು ವೇಗವಾಗಿ ಹರಿಯುತ್ತದೆ. ಮೇಲಿನ ಮಣ್ಣು ತೆಳುವಾಗಿದ್ದಲ್ಲಿ ಹೊಲದ ಮದ್ದಿಗೂ ಬಾವಿಯ ನೀರಿಗೂ ನಡುವೆ ತಡೆಯೇ ಇಲ್ಲದಂತಾಗುತ್ತದೆ. ಅಂತರ್ಜಲದಲ್ಲಿ ಅಟ್ರಾಜಿನ್ ಕಂಡುಬಂದುದರಿಂದಲೇ ಐರೋಪ್ಯ ಒಕ್ಕೂಟವು 2003ರಲ್ಲಿ ಅದರ ಬಳಕೆಯನ್ನು ಕೈಬಿಡಲು ತೀರ್ಮಾನಿಸಿತು. ಒಮ್ಮೆ ಕೆಟ್ಟ ಅಂತರ್ಜಲವನ್ನು ಶುದ್ಧಗೊಳಿಸುವುದು ಅತಿ ಕಷ್ಟ.

ಆದುದರಿಂದ ನೆರೆಯವನು ಹಾಕಿದ ಪ್ರಮಾಣವೇ ನಮ್ಮ ಹೊಲಕ್ಕೂ ಸರಿ ಎಂದು ಭಾವಿಸಲಾಗದು. ಮಣ್ಣನ್ನು ಪರೀಕ್ಷೆ ಮಾಡಿಸಿ, ಕೃಷಿ ತಜ್ಞರು ಹೇಳಿದಷ್ಟನ್ನೇ ಬಳಸಬೇಕು. ಬಿರುಸಿನ ಮಳೆಯ ಸೂಚನೆಯಿದ್ದಾಗ ಸಿಂಪಡಿಸಬಾರದು. ಬಾವಿಯ ದಂಡೆಯಲ್ಲಿ ಸಿಂಪರಣೆಯ ಡಬ್ಬಿ ತೊಳೆಯಬಾರದು. ಒಡ್ಡು ಮಣ್ಣನ್ನು ತಡೆಯುತ್ತದೆ. ಕೊಟ್ಟಿಗೆ ಗೊಬ್ಬರ ಮದ್ದನ್ನು ಹಿಡಿದಿಟ್ಟು, ಅದನ್ನು ಒಡೆಯುವ ಸೂಕ್ಷ್ಮಜೀವಿಗಳನ್ನು ಪೋಷಿಸುತ್ತದೆ. ಹೊಲ ಒಬ್ಬನದಾಗಿರಬಹುದು, ಅದರ ಕೆಳಗಿನ ನೀರು ಊರಿನದು.

ಅಭ್ಯಾಸ

1. ಭೂಮಿಗೆ ಬಿದ್ದ ಕಳೆನಾಶಕವು ಹಿಡಿಯುವ ಮೂರು ದಾರಿಗಳಾವುವು?
2. ಎರೆಮಣ್ಣು ಮದ್ದನ್ನು ಹಿಡಿದಿಡುವುದೂ ಉಂಟು, ಬಿಟ್ಟುಕೊಡುವುದೂ ಉಂಟು. ಹೇಗೆ?
3. ನಿಮ್ಮ ಊರಿನ ಹೊಲಗಳ ಮಣ್ಣು ಯಾವ ಬಗೆಯದು? ಅಲ್ಲಿ ಬಾವಿಯ ನೀರನ್ನು ಕಾಪಾಡಲು ಏನು ಮಾಡಬಹುದು?